ಮೂರನೆಯ ಪಕ್ಷಕ್ಕೊಂದು ಶಾಲು

ಈ ಸಮಾರಂಭದ ಅಧ್ಯಕ್ಷರೂ ನಮ್ಮ ತಿಕೋಟಾದ ದೊಡ್ಡ ಪಕ್ಷದ ಮುಖಂಡರೂ ಆದ ಶಿವಯೋಗೆಪ್ಪನವರೇ, ಮುಖ್ಯ ಅತಿಥಿಗಳೂ ಅಷ್ಟೇ ದೊಡ್ಡದಾದ ಇನ್ನೊಂದು ಪಕ್ಷದ ಮುಖಂಡರೂ ಆದ ಭೀಮಾಶಂಕರ ಅವರೇ, ಹನ್ನೊಂದು ಗಂಟೆಯಿಂದ ಊಟವಿಲ್ಲದೆ ಕುಳಿತಿರುವ ಸಭಿಕರೇ,

ಇವರಿಬ್ಬರನ್ನೂ ಒಂದೇ ವೇದಿಕೆಯ ಮೇಲೆ ಕಾಣುವ ಭಾಗ್ಯ ಊರಿಗೆ ಬಂದದ್ದು ನನ್ನಿಂದ. ಟೇಲರ್ ಖಂಡಪ್ಪನಾದ ನನ್ನನ್ನು ಸನ್ಮಾನಿಸಬೇಕೆಂದು ಇಬ್ಬರಿಗೂ ಒಟ್ಟಿಗೇ ಹೊಳೆದಿದೆ. ಅದೂ ಪಟ್ಟಣ ಪಂಚಾಯಿತಿ ಚುನಾವಣೆಗೆ ನಾಮಪತ್ರ ಸಲ್ಲಿಸುವ ಕೊನೆಯ ದಿನವೇ ಹೊಳೆದಿದೆ! ಮೂರು ಗಂಟೆಗೆ ಕಚೇರಿಯ ಬಾಗಿಲು ಮುಚ್ಚುತ್ತದೆ. ಸನ್ಮಾನಿತನಾದವನು ವಂದನಾರ್ಪಣೆಗೆ ಮೊದಲೇ ಎದ್ದು ಹೋಗುವುದು ನಮ್ಮ ಕಡೆ ಮರ್ಯಾದೆಯೇ? ಅಲ್ಲ. ಅದಕ್ಕೇ ಒಂಬತ್ತು ಮಂದಿ ಸರದಿಯಂತೆ ನನ್ನನ್ನು ಹೊಗಳಿದರು.

ಎರಡು ಪಕ್ಷಗಳ ಊರಿನಲ್ಲಿ ಮೂರನೆಯದಕ್ಕೆ ಭವಿಷ್ಯವಿದೆಯೇ? ನಾನು ಎರಡು ಸಲ ನಿಂತೆ. ಎರಡು ಸಲವೂ ಸೋತವರು ಅಂಗಡಿಗೆ ಬಂದು, "ನಿನ್ನಿಂದ ಸೋತ್ನಿ ನೋಡೋ" ಎಂದು ಬೈದರು. ಗೆದ್ದವರು ಮಾತ್ರ ನಿನ್ನಿಂದ ಗೆದ್ದೆ ಎಂದು ಒಂದು ಕಪ್ ಚಹಾ ಕುಡಿಸಲಿಲ್ಲ. ಎರಡೂ ಪಕ್ಷಗಳ ಬಾವುಟ ಹೊಲಿಯುವವನು ನಾನೇ. ಉಳಿದ ಚೂರುಗಳಲ್ಲಿ ನಮ್ಮ ಪಕ್ಷದ ಬಾವುಟ ಆಯಿತು. ಇದನ್ನು ಇಲ್ಲಿ ಹೇಳಬಾರದಿತ್ತು, ಹೋಗಲಿ ಬಿಡಿ.

ಮೂರನೆಯ ಸಲ, ಅಂದರೆ ಹೋದ ಚುನಾವಣೆಯಲ್ಲಿ, ನಾನು ನಾಮಪತ್ರ ಕೊಟ್ಟ ಮೇಲೆ ಇಂಥದೇ ಶಾಲು ಹೊದಿಸಿದಿರಿ. ನನಗೆ ಕಣ್ಣಲ್ಲಿ ನೀರು ಬಂತು, ನಾಮಪತ್ರ ವಾಪಸ್ ತೆಗೆದುಕೊಂಡೆ. ಸುಳ್ಳೇಕೆ ಹೇಳಲಿ, ಶಾಲು ಕಂಡರೆ ನಾನು ಕರಗುತ್ತೇನೆ. ನನಗಾಗಿ ಮನೆ ಮನೆ ಅಲೆದವಳು ನನ್ನ ಹೆಂಡತಿ ಗೌರಾಬಾಯಿ. ಅವಳು ಎಂಟು ದಿನ ಮಾತಾಡಲಿಲ್ಲ. ಆ ನಾಚಿಕೆ ನನಗೆ ಇನ್ನೂ ಹೋಗಿಲ್ಲ. ಶಾಲನ್ನು ಅವಳು ಇಸ್ತ್ರಿ ಮಾಡುವ ಟೇಬಲ್ಲಿಗೆ ಹಾಸಿದ್ದಾಳೆ.

ಈ ಸಲ ಆಮಂತ್ರಣದಲ್ಲಿ ‘ದಂಪತಿಗಳಿಗೆ ಸನ್ಮಾನ’ ಎಂದು ಅಚ್ಚು ಹಾಕಿಸಿದ್ದೀರಿ. ಎರಡು ಕುರ್ಚಿಗಳನ್ನೂ ಹಾಕಿದ್ದೀರಿ. ಒಂದರಲ್ಲಿ ನನ್ನನ್ನು ಕೂಡಿಸಿ ಇನ್ನೊಂದರ ಮೇಲೆ ಹಣ್ಣಿನ ಬುಟ್ಟಿ ಇಟ್ಟಿರಿ. ಒಂಬತ್ತು ಭಾಷಣಕಾರರಲ್ಲಿ ಒಬ್ಬರಾದರೂ ಅಕ್ಕಾರು ಎಲ್ಲಿ ಎಂದು ಕೇಳಿದಿರಾ?

ಬೆಳಿಗ್ಗೆ ಅವಳು ಹೇಳಿದಳು: "ನೀವು ಹೋಗಿ ಶಾಲು ಹೊಚಗೊಂಡು ಕುಂಡ್ರ್ರಿ. ನಾ ಅರ್ಜಿ ಕೊಟ್ಟು ಬರ್ತೇನಿ."

"ನನ್ನ ಸಹಿ ಬ್ಯಾಡೇನ?" ಎಂದೆ.

"ನಿಮ್ದ್ಯಾಕ ಬೇಕ್ರಿ? ಈ ಸಲ ನಿಲ್ಲಾಕಿ ನಾನು. ನನಗ ಶಾಲು ಹೊಚ್ಚಿದ್ರ ಸೆಕಿ ಆಗತೈತಿ. ಕೆಲಸ ಮುಗದ ಮ್ಯಾಲ ಮಿಸ್ಡ್ ಕಾಲ್ ಕೊಡ್ತೇನಿ, ಅಲ್ಲೀತನಕ ಮಾತಾಡ್ರಿ."

ಕ್ಷಮಿಸಬೇಕು, ಜೇಬಿನಲ್ಲಿ ಫೋನು ಎರಡು ಸಲ ನಡುಗಿ ನಿಂತಿತು. ಶಿವಯೋಗೆಪ್ಪನವರೇ, ಇನ್ನು ಗಡಿಯಾರ ನೋಡಬೇಡಿ. ಮೂರಾಗಿ ಐದು ನಿಮಿಷ. ಮೂರನೆಯ ಪಕ್ಷದ ಭವಿಷ್ಯ ಕೇಳಿದೆನಲ್ಲ, ಅದೀಗ ಕಚೇರಿಯಿಂದ ಮನೆಗೆ ನಡೆದು ಹೊರಟಿದೆ.

ನನ್ನನ್ನು ಇಷ್ಟು ಹೊತ್ತು ಕೂಡಿಸಿಕೊಂಡ ಎರಡೂ ಪಕ್ಷಗಳಿಗೆ ಹೃತ್ಪೂರ್ವಕ ಧನ್ಯವಾದ. ಅವಳ ನಾಮಪತ್ರ ವಾಪಸ್ ತೆಗೆಸಲು ನಾಳೆ ಮನೆಗೆ ಬರುವವರು ಧಾರಾಳವಾಗಿ ಬನ್ನಿ, ಚಹಾ ಕುಡಿದು ಹೋಗಿ. ಶಾಲು ಮಾತ್ರ ತರಬೇಡಿ. ನಮ್ಮಲ್ಲಿ ಇಸ್ತ್ರಿ ಟೇಬಲ್ ಇರುವುದು ಒಂದೇ.

ಅವಳ ನಮಸ್ಕಾರವನ್ನೂ ಸೇರಿಸಿ, ಎಲ್ಲರಿಗೂ ನಮಸ್ಕಾರ.