ಓಬಳಯ್ಯನ ಪೀಪಾಯಿಗೆ ಬಾಯಿ ಹಾಕಿದವರು ಯಾರು?

ಕೇಳ್ರಪ್ಪೋ ಕೇಳಿ, ಕೂತೋರೂ ಕೇಳಿ, ಕಂಬಕ್ಕೊರಗಿ ತೂಕಡಿಸೋರೂ ಕೇಳಿ. ಈ ಕಥೆಯ ಒಂದೊಂದು ಮಾತೂ ಸತ್ಯ. ನನ್ನ ಮೀಸೆಯಾಣೆ! ಮೀಸೆ ಎಲ್ಲಿ ಅಂತ ಹುಡುಕಬೇಡಿ, ಆಣೆ ಮಾಡಿ ಮಾಡಿ ಸವೆದುಹೋಗಿದೆ. ಈ ಸೀಮೆಯಲ್ಲಿ ನನ್ನಷ್ಟು ಸತ್ಯ ಹೇಳುವವನು ಇನ್ನೊಬ್ಬನಿದ್ದ. ಅವನೂ ನನ್ನ ಹತ್ರಾನೇ ಕಲಿತದ್ದು.

ಹೂಂ ಅನ್ನಿ ಮತ್ತೆ!

ಸೂರ್ಯ ಮುಖ ತೊಳೆಯೋ ಕೆರೆಯಾಚೆ, ಚಂದ್ರ ಚಾಪೆ ಹಾಸೋ ಬಯಲೀಚೆ ಒಂದು ನಾಡು. ಹೆಸರು ಹೇಳೋದಿಲ್ಲ. ಹೇಳಿದರೆ ಈಗಲೇ ಚೊಂಬು ಹಿಡಿದು ಹೊರಟುಬಿಡ್ತೀರಿ. ಅಲ್ಲಿ ಓಬಳಯ್ಯ ಅಂತ ಒಬ್ಬ. ಹೊಲ ಚೆನ್ನಾಗಿತ್ತು, ಹೆಂಡತಿ ಮಾರಕ್ಕ ಗಟ್ಟಿಗಿತ್ತಿ, ಮಗಳು ಸಿರಿಯವ್ವ ಚಿನ್ನದಂಥವಳು. ಆದರೆ ಆಸಾಮಿಗೆ ಒಂದು ಖಯಾಲಿ. ಕೆಲವರು ಹುಂಜ ಸಾಕ್ತಾರೆ, ಕೆಲವರು ಭಜನೆ ಮಾಡ್ತಾರೆ. ಇವನು ರಾಗಿ ಮೊಳಕೆ ಕಟ್ಟಿ, ಗುಡಾಣದಲ್ಲಿ ಕೊಳೆಹಾಕಿ, ತಾಮ್ರದ ಹಂಡೆಯಲ್ಲಿ ಕಾಯಿಸಿ ಹನಿಹನಿಯಾಗಿ ಇಳಿಸುತ್ತಿದ್ದ. ನೀವೀಗ ವಿಸ್ಕಿ ಅಂತೀರಲ್ಲ, ಅದರ ಮುತ್ತಜ್ಜ ಅನ್ನಿ. ಮಾರುವುದಕ್ಕಲ್ಲ, ಬರೀ ಖುಷಿಗೆ.

ಒಂದು ಸಲ ಅವನಿಗೆ ಆಸೆ ಹುಟ್ಟಿತು. ಮಗಳ ಮದುವೆಯ ಬೀಗರೂಟಕ್ಕೆ ಮರದಲ್ಲಿ ಮಾಗಿಸಿದ ಮಾಲು ಬಡಿಸಬೇಕು! ಮಾರಕ್ಕನ ತಮ್ಮ ಪಾಲಯ್ಯ, ಗಾಡಿ ಮಾಡುವ ಬಡಗಿ, ಹೊನ್ನೆ ಮರದ ಪೀಪಾಯಿ ಮಾಡಿಕೊಟ್ಟ. ಓಬಳಯ್ಯ ಕಂಠಮಟ್ಟ ತುಂಬಿ, ಬಿರಡೆ ಜಡಿದು, ಕೋಣೆಯಲ್ಲಿ ಮಲಗಿಸಿದ. ಕೂಸಿಗೂ ಯಾರೂ ಅಷ್ಟು ನಾಜೂಕಾಗಿ ಹಾಸೋದಿಲ್ಲ.

ಮೊದಲನೇ ಉಗಾದಿ ಬಂತು. ಬಿರಡೆ ತೆಗೆದು ಬಿದಿರ ದಬ್ಬೆ ಅದ್ದಿ ನೋಡಿದರೆ, ಅಯ್ಯೋ, ತಗ್ಗಿದೆ!

"ಪಾಲಯ್ಯ, ನಿನ್ನ ಪೀಪಾಯಿ ಸೋರ್ತದೆ!"

"ನಾ ಮಾಡಿದ್ದು ಸೋರೋದಾ? ನೆಲ ಮುಟ್ಟಿ ನೋಡು ಭಾವ."

ಮುಟ್ಟಿದ. ನೆಲ ಒಣಗಿ ಠಣ್ ಅನ್ನುತ್ತಿತ್ತು.

"ಸೋರಿಲ್ಲ ಅಂದ್ರೆ ಕುಡಿದೋನು ನೀನೇ. ಬಂದಾಗಲೆಲ್ಲ ಅದರ ಬೆನ್ನು ಸವರ್ತಿದ್ದೆ!"

ಪಾಲಯ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿದ. "ಕಳ್ಳ ಅಂದ್ಯಾ? ಇನ್ನು ಈ ಹೊಸ್ತಿಲು ತುಳಿದ್ರೆ ಕೇಳು." ಹೊರಟೇ ಹೋದ.

ಎರಡನೇ ಉಗಾದಿ ಬಂತು. ಕೋಣೆಗೆ ಬೀಗ, ಬೀಗದ ಕೈ ಮಾರಕ್ಕನ ಸೊಂಟದಲ್ಲಿ. ದಬ್ಬೆ ಅದ್ದಿದ. ಇನ್ನೂ ತಗ್ಗಿದೆ!

"ಮಾರೀ, ನಿನ್ನ ಕೆನ್ನೆ ಯಾಕೆ ಕೆಂಪಗೈತೆ?"

"ಒಲೆ ಊದಿ ಕೆಂಪಗೈತೆ ಮಾರಾಯ. ತಾಳು, ನಿಂದೂ ಕೆಂಪಗೆ ಮಾಡ್ತೀನಿ!"

ಆಮೇಲೆ ಅವನ ಸಾರಿಗೆ ಉಪ್ಪು ಬೀಳಲಿಲ್ಲ.

ಮೂರನೇ ಉಗಾದಿ ಬಂತು. ಈಗ ಬೀಗದ ಕೈ ಅವನದೇ ಉಡಿದಾರದಲ್ಲಿ. ದಬ್ಬೆ ಅದ್ದಿದ. ಮತ್ತೂ ತಗ್ಗಿದೆ! ಇನ್ನು ಯಾರನ್ನ ಬೈಯೋದು ಹೇಳಿ? ಅಂಗೈಗೆ ಉಸಿರು ಬಿಟ್ಟು ತನ್ನ ಬಾಯನ್ನೇ ಮೂಸಿ ನೋಡಿಕೊಂಡ.

"ನಿದ್ದೇಲಿ ನಾನೇ ಎದ್ದು ಕುಡೀತೀನೇನೇ?"

"ನಿದ್ದೇಲಿ ಏಳೋನಾ ನೀನು? ಹಳೇ ಗುಡಿಸಲಿಗೆ ಬೆಂಕಿ ಬಿದ್ದಾಗ ಮಂಚದ ಸಮೇತ ಹೊರಗಿಟ್ಟೋಳು ನಾನು."

ಅಷ್ಟರಲ್ಲಿ ಸಿರಿಯ ಮದುವೆ ಗೊತ್ತಾಯಿತು. ಆ ನಾಡಿನ ಪದ್ಧತಿ ಏನು? ಮದುಮಗಳನ್ನ ಸೋದರಮಾವನೇ ಎತ್ತಿಕೊಂಡು ಹಸೆಗೆ ತರಬೇಕು. ಅವನು ಬರಲಿಲ್ಲವೋ, ಮದುವೆ ನಿಂತಂಗೇ. ಪಾಲಯ್ಯ ಏನು ಹೇಳಿ ಕಳಿಸಿದ? "ಕಳ್ಳನ ತೋಳಲ್ಲಿ ಮದುಮಗಳು ಕೂರಬಾರದು."

ಸಿರಿ ಕಣ್ಣೀರು ಹಾಕಿದಳು. "ಅಪ್ಪಾ, ನಿಂಗೆ ಪೀಪಾಯಿ ಬೇಕೋ, ನನ್ನ ಮದುವೆ ಬೇಕೋ?"

ಓಬಳಯ್ಯ ಎದ್ದು ಕೋಣೆಯ ಬೀಗ ತೆಗೆದ. ಹೋಗಿ ಪೀಪಾಯಿ ಎದುರು ಕುಕ್ಕರಿಸಿದ. ಖಯಾಲಿಗೆ ಅಂತ ಹೊರಟು ಬಾಮೈದನನ್ನ ಕಳಕೊಂಡೆನಲ್ಲಾ ಅಂತ ತಲೆ ಹಿಡಿದುಕೊಂಡ.

ಆಗ, ಕೇಳಿ, ಮೇಲಿಂದ ಪಟ್ ಅಂತ ಒಂದು ಹಲ್ಲಿ ಬಿತ್ತು. ಏಳಲಿಲ್ಲ. ಅಂಗಾತ ಮಲಗಿ, ಕಾಲು ಮೇಲೆತ್ತಿ, ಸಣ್ಣ ದನಿಯಲ್ಲಿ ಸೋಬಾನೆ ಹಾಡತೊಡಗಿತು! ಓಬಳಯ್ಯ ಮೇಲೆ ನೋಡಿದ. ಪೀಪಾಯಿಯ ನೆತ್ತಿಗೆ ಸರಿಯಾಗಿ ತೊಲೆ ಕರ್ರಗಾಗಿದೆ. ಅಲ್ಲಿ ಒಲೆಯಿಲ್ಲ, ಹೊಗೆಯಿಲ್ಲ. ಏಣಿ ಹತ್ತಿ ಮೂಸಿದ. ತನ್ನದೇ ರಾಗಿಯ ಘಮ!

"ಮಾರೀ, ಬಾರೇ! ಇದು ಕೆಳಕ್ಕೆ ಸೋರ್ತಿಲ್ಲ, ಮರದೊಳಗಿಂದ ಆವಿಯಾಗಿ ಮೇಲಕ್ಕೆ ಹೋಗ್ತೈತೆ!"

"ಮೇಲಕ್ಕಾ? ಮೇಲೆ ಯಾರವ್ರೆ?"

ಅಲ್ಲಿಯವರು ಮಾರ್ನವಮಿ ಅಮಾಸೆಗೆ ಹಿರಿಯರಿಗೆ ಎಡೆ ಇಡುವಾಗ ಬಾಡಿನ ಜೊತೆ ಒಂದು ಬಟ್ಟಲು ಹೆಂಡವನ್ನೂ ಇಡೋರು. ಸತ್ತವರ ರುಚಿ ಸಾಯೋದಿಲ್ಲ ಅಂತ ಅವರಿಗೆ ಗೊತ್ತು. ಗಂಡ ಹೆಂಡಿರು ಒಟ್ಟಿಗೇ ಕೈ ಮುಗಿದರು. ಮೇಲಿರೋನು ಓಬಳಯ್ಯನ ಅಪ್ಪ! ಬದುಕಿರುವತನಕ ಮಗ ಇಳಿಸಿದ್ದನ್ನ ಥೂ ಅಂತ ಉಗಿದು, "ಇದನ್ನ ಎತ್ತಿನ ಗಾಯಕ್ಕೆ ಹಚ್ಚೋ" ಅಂದ ಯಜಮಾನ, ಈಗ ಎಡೆಗೂ ಕಾಯದೆ ತಾನೇ ಇಳಿದು ಹೀರ್ತಾವ್ನೆ!

ಓಬಳಯ್ಯ ಬರಿಗಾಲಲ್ಲಿ ಓಡಿದ. ಪಾಲಯ್ಯ ಗಾಡಿಗಾಲಿ ಕೆತ್ತುತ್ತಿದ್ದ.

"ಕಳ್ಳ ಸಿಕ್ಕಿದ ಕಣೋ. ನಮ್ಮಪ್ಪ!"

"ಸತ್ತೋರ ಮೇಲೂ ಕಳ್ಳತನ ಹಾಕಿಬಿಟ್ಯಾ?"

"ನಿನ್ನ ಮೇಲೆ ಹಾಕಿದ್ದೇ ತಪ್ಪು. ಬೈಯಿ, ಹೊಡಿ, ಆದ್ರೆ ಬಾರಪ್ಪ. ಮಗು ಅಳ್ತಾವ್ಳೆ."

ಪಾಲಯ್ಯ ಉಳಿ ಕೆಳಗಿಟ್ಟ. "ನಿನ್ನ ಸರಕನ್ನ ಆ ಮುದುಕ ಕುಡೀತಾನೆ ಅಂದ್ರೆ… ನಡಿ, ನೋಡೇಬಿಡಾನ."

ಕೋಣೆಗೆ ಬಂದದ್ದೇ ಓಬಳಯ್ಯ ತಾನು ಮುಟ್ಟದೆ ಮೊದಲ ಬಟ್ಟಲು ಅವನಿಗೇ ಕೊಟ್ಟ. ಬಣ್ಣ ನೋಡಿದರೆ ಜೇನು. ಪಾಲಯ್ಯ ಬಾಯಿಗೆ ಹಾಕಿ ಕಣ್ಣು ಮುಚ್ಚಿದ. ಸಿರಿ ಬಾಗಿಲುವಾಡ ಹಿಡಿದು ನಿಂತಿದ್ದಳು. ಕೊನೆಗೆ ಪಾಲಯ್ಯ ಕಣ್ಣು ಬಿಟ್ಟ. ಕಣ್ಣ ತುಂಬ ನೀರು.

"ಭಾವ, ನಂಗೆ ಭಾರೀ ಮೋಸ ಆಯ್ತು."

"ಏನಾಯ್ತೋ?"

"ಕಳ್ಳ ಅಂತ ಹೆಸರಂತೂ ಬಂದಿತ್ತು. ಮಾನವಂತ ಅಂದ್ಕೊಂಡು ಸುಮ್ನೆ ಮನೇಲಿ ಕೂತ್ಕೊಂಡೆ. ಕದ್ದೇ ಕುಡೀಬೇಕಿತ್ತು ಕಣ್ ಭಾವ!"

ಮಾರಕ್ಕ ನಕ್ಕ ನಗೆಗೆ ಹೆಂಚು ಎರಡು ಜಾರಿದವು. ಸಾರಿಗೆ ಉಪ್ಪೂ ಬಿತ್ತು. ಪಾಲಯ್ಯ ಸೊಸೆಯನ್ನ ಹೂವಿನಂತೆ ಎತ್ತಿ ಹಸೆಗೆ ತಂದ. ಬೀಗರೂಟದಲ್ಲಿ ಪೀಪಾಯಿ ಕೊನೇ ಹನಿಯವರೆಗೂ ಬರಿದಾಯಿತು.

ಅವರ ಒಲೆ ಅಲ್ಲಿ ಉರೀತಿರಲಿ, ನಮ್ಮ ಒಲೆ ಇಲ್ಲಿ ಉರೀತಿರಲಿ, ಕಥೆ ನಿಮ್ಮ ಮಡಿಲಿಗೆ. ಎಲ್ಲಾ ಸತ್ಯ, ಒಂದು ಸಣ್ಣ ವಿಷಯ ಬಿಟ್ಟು. ಕೊನೇ ಹನಿಯವರೆಗೂ ಬರಿದಾಯಿತು ಅಂದೆನಲ್ಲ, ಅದೊಂದು ನಾನು ಕಟ್ಟಿದ್ದು. ಒಂದು ಚೊಂಬು ಉಳಿದಿತ್ತು. ಮಜ್ಜಿಗೆ ಕುಡಿದು ಯಾರಾದರೂ ಇಷ್ಟು ಚೆಂದ ಕಥೆ ಹೇಳಿಯಾರೇ?