ಬಾಜೂ ಖೋಲಿಯ ಟಿಕ್ ಟಿಕ್

ಇದು ಕಟ್ಟಿದ ಕತೆಯಲ್ಲ. ನಮ್ಮ ನೆರೆಮನೆಯ ಶೀಲಾವತಿಯ ಸ್ವಂತ ಸೋದರತ್ತೆ ದಾನವ್ವನಿಗೆ ಆದದ್ದು. ಎಂಬತ್ತೇಳನೇ ಇಸವಿ, ಮಳೆಗಾಲ ಆಗಷ್ಟೇ ಮುಗಿದಿತ್ತು.

ಆ ರಾತ್ರಿ ದಾನವ್ವ ವಿಕ್ರೋಳಿಯ ಮದುವೆ ಮನೆಗೆ ಜೋಳದ ರೊಟ್ಟಿ ಬಡಿದುಕೊಟ್ಟು ಬರುತ್ತಿದ್ದಳು. ಕುರ್ಲಾದಲ್ಲಿ ಗಾಡಿ ಬದಲಿಸಿ ವಡಾಲದಲ್ಲಿ ಇಳಿದಾಗ ಹತ್ತೂವರೆ ದಾಟಿತ್ತು. ಅವಳಿದ್ದದ್ದು ಒಂದು ಚಾಳಿನಲ್ಲಿ, ಸಾಲು ಕೋಣೆಗಳ ಹಳೆಯ ಬಾಡಿಗೆ ಕಟ್ಟಡದಲ್ಲಿ. ಸ್ಟೇಶನ್ನಿನಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದು ಹಳೆಯ ಬಾವಿ. ಯಾರೂ ಬೀಳದಿರಲಿ ಎಂದು ಅದರ ಬಾಯಿಗೆ ತಗಡು ಮುಚ್ಚಿ ಎಷ್ಟೋ ವರ್ಷ ಆಗಿತ್ತು.

ಬಾವಿಯ ಹತ್ತಿರ ಬಂದಳು... ಟಿಕ್. ಟಿಕ್.

ತಗಡನ್ನು ಯಾರೋ ಕೆಳಗಿನಿಂದ ಬಡಿದ ಹಾಗೆ. ನೀರು ತೊಟ್ಟಿಕ್ಕುತ್ತಿರಬೇಕು ಅಂದುಕೊಂಡಳು. ಆದರೆ ನೀರು ಕೆಳಕ್ಕೆ ತೊಟ್ಟಿಕ್ಕುತ್ತದೆ, ಮೇಲಕ್ಕಲ್ಲ. ಸೆರಗು ಬಿಗಿದುಕೊಂಡು ಬಿರಬಿರನೆ ನಡೆದಳು.

ಚಾಳಿನಲ್ಲಿ ಒಂದು ದೀಪವೂ ಇರಲಿಲ್ಲ. ಬಾಡಿಗೆದಾರರ ಹಳೆಯ ಚಾಳುಗಳನ್ನು ಸರಕಾರ ರಿಪೇರಿ ಮಾಡಿಸುತ್ತಿದ್ದ ಕಾಲ ಅದು. ತೊಲೆಗಳನ್ನು ಗೆದ್ದಲು ತಿಂದಿದೆ ಎಂದು ಆಫೀಸಿನವರು ಬರೆದುಕೊಂಡು ಹೋದರು. ಮನೆಮನೆಗೆ ಚೀಟಿ ಕೊಟ್ಟರು. ಆರು ತಿಂಗಳು ದಹಿಸರಿನ ಟ್ರಾನ್ಸಿಟ್ ಕ್ಯಾಂಪಿನಲ್ಲಿರಿ, ಆಮೇಲೆ ನಿಮ್ಮ ಖೋಲಿ ನಿಮಗೇ ಅಂದರು. ಒಂದೊಂದಾಗಿ ಎಲ್ಲ ಮನೆ ಖಾಲಿಯಾದವು. ದಾನವ್ವ ಮಾತ್ರ ಏಳಲಿಲ್ಲ. ಗಂಡ ಸತ್ತ ಮೇಲೆ ರೊಟ್ಟಿ ಬಡಿದು ಉಳಿಸಿಕೊಂಡ ಖೋಲಿ ಅದು. "ಬಿದ್ದರ ನನ್ನ ಮ್ಯಾಲ ಬೀಳಲಿ. ನಾ ಹೊಸ್ತಿಲಾ ಬಿಡಾಂಗಿಲ್ಲ," ಎಂದು ಬಾಗಿಲಿಗೆ ಅಡ್ಡ ಕೂತುಬಿಟ್ಟಳು.

ಬಾಜೂ ಖೋಲಿಯ ಬೀಬೀಜಾನ ಕ್ಯಾಂಪಿಗೆ ಹೋದಳು.

ಇಬ್ಬರೂ ವಿಜಾಪುರದ ಕಡೆಯವರು. ಇಬ್ಬರೂ ಒಂಟಿ. ನಡುವೆ ಹಲಗೆಯ ಗೋಡೆ. ಬೀಬೀಜಾನ ಕೌದಿ ಹೊಲಿಯುವವಳು. ಸೂಜಿ ಚುಚ್ಚದಂತೆ ಬೆರಳಿಗೆ ತೊಡುವ ಹಿತ್ತಾಳೆಯ ಪುಟ್ಟ ಟೊಪ್ಪಿಗೆ ಸದಾ ಅವಳ ಬೆರಳಲ್ಲೇ ಇರುತ್ತಿತ್ತು. ಮಲಗುವ ಮುಂಚೆ ಅದರಿಂದ ಗೋಡೆ ಬಡಿಯುತ್ತಿದ್ದಳು. ಟಿಕ್ ಟಿಕ್. ಅಂದರೆ, ಮಲಗಲೇನು? ದಾನವ್ವ ಬೆರಳ ಗೆಣ್ಣಿನಿಂದ ತಿರುಗಿ ಬಡಿಯುತ್ತಿದ್ದಳು. ಠಕ್ ಠಕ್. ಅಂದರೆ, ಮಲಗು, ನಾ ಇದ್ದೀನಿ. ಉತ್ತರ ಬರದಿದ್ದರೆ ಎದ್ದು ಬಂದು ನೋಡಬೇಕು. ಹನ್ನೊಂದು ವರ್ಷದಲ್ಲಿ ಒಂದು ರಾತ್ರಿಯೂ ತಪ್ಪಿರಲಿಲ್ಲ.

ಬೀಬೀಜಾನ ಚೀಟಿ ಇಸಿದುಕೊಂಡ ದಿನ ಜಗಳವಾಯಿತು.

"ಮಾಳಗಿ ಸೋರತೈತಿ, ದಾನಕ್ಕಾ. ಕೆಮ್ಮ ನಿಲ್ಲವಲ್ದು. ಆರು ತಿಂಗಳದ ಮಾತು."

"ಸರಕಾರದ ಆರು ತಿಂಗಳಿಗೆ ಅಧಿಕ ಮಾಸ ಭಾಳ ಬರತಾವ, ಬೀಬಿ. ಹೋಗು, ತಗಡಿನ ಡಬ್ಬ್ಯಾಗ ಕುಂದ್ರು."

ಆ ರಾತ್ರಿಯೂ ಟಿಕ್ ಟಿಕ್ ಬಂತು. ದಾನವ್ವ ಬಡಿಯಲಿಲ್ಲ. ಮತ್ತೆ ಬಂತು. ಮೂರನೆಯ ಸಲವೂ ಬಂತು... ಬಡಿಯಲಿಲ್ಲ. ಆಗ ಬೀಬೀಜಾನ ಎದ್ದು ಬಂದು ಬಾಗಿಲ ಹೊರಗೆ ನಿಂತಳು. ಒಳಗೆ ಉಸಿರಾಡುವ ಸದ್ದು ಕೇಳಿಸಿಕೊಂಡಳು. ಕೆಮ್ಮು ತಡೆದುಕೊಂಡು ಹೊರಟುಹೋದಳು. ಬೆಳಿಗ್ಗೆ ಸಾಮಾನಿನ ಟೆಂಪೋ ಬಂದಾಗ ದಾನವ್ವ ಒಲೆಯಿಂದ ತಲೆ ಎತ್ತಲಿಲ್ಲ.

ಅದಾಗಿ ನಾಲ್ಕು ತಿಂಗಳು.

ಈಗ ಮೆಟ್ಟಿಲ ಬುಡದಲ್ಲಿ ರಿಪೇರಿಯ ಬಡಗಿ ಮುರಿಗೆಪ್ಪ ಹೊಸ ತೊಲೆಗಳ ಕಾವಲಿಗೆ ಮಲಗಿದ್ದ. ಹೆಜ್ಜೆ ಸದ್ದಿಗೆ ತಲೆ ಎತ್ತಿದ.

"ಯವ್ವಾ, ಬಾಜೂ ಖೋಲಿ ಬಾಗಲಾ ತಗೀಬ್ಯಾಡ. ಇವತ್ತ ನೆಲದ ಹಲಗಿ ಎಲ್ಲಾ ಕಿತ್ತೀವಿ. ಕಾಲಿಟ್ಟಿ ಅಂದ್ರ ಸೀದಾ ಕೆಳಗ."

"ನಾ ಬಿದ್ದರ ನಿನ್ನ ತೊಲೀನ ಮುರೀತಾವ. ಮಲಕೋ."

ಮೇಲೆ ಹೋಗಿ ಚಿಮಣಿ ದೀಪ ಹಚ್ಚಿದಳು. ಅಷ್ಟು ರೊಟ್ಟಿ ಬಡಿದಿದ್ದಳು, ತಾನು ಉಂಡಿರಲಿಲ್ಲ. ಒಂದೇ ಒಂದು ರೊಟ್ಟಿಗೆ ಹಿಟ್ಟು ನಾದಿದಳು. ಮೊದಲಾದರೆ ಎರಡಕ್ಕೆ ನಾದುತ್ತಿದ್ದಳು.

ಟಿಕ್. ಟಿಕ್.

ಗೋಡೆಯಲ್ಲಿ. ನೆಲದಿಂದ ಮೊಳದೆತ್ತರ... ಮಲಗಿದವರ ಕೈ ನಿಲುಕುವಷ್ಟು.

ಇಲಿಯಾದರೆ ಕೆರೆಯುತ್ತದೆ. ಹುಳವಾದರೆ ಕೊರೆಯುತ್ತದೆ. ಇದು ಹಿತ್ತಾಳೆಯ ಸದ್ದು. ಹೊರಗೆ ಕಠಡಾಕ್ಕೆ ಬಂದು ಕಟಕಟೆ ಹಿಡಿದು ಕೆಳಗೆ ಬಗ್ಗಿದಳು.

"ಮುರಿಗೆಪ್ಪಾ... ಬಾಜೂ ಖೋಲ್ಯಾಗ ಯಾರರೆ ಅದಾರೇನು?"

ಅವನು ಕಂದೀಲು ಹಿಡಿದು ಕೆಳಗಿನ ಖೋಲಿಗೆ ಹೋಗಿ ಮೇಲೆ ನೋಡಿದ.

"ನಾಕು ಆಸರಿ ಕಂಬ ಅದಾವ. ಮನಷ್ಯಾ ನಿಂದರಾಕ ನೆಲಾನ ಇಲ್ಲಲ್ಲ. ಯಾಕಬೇ?"

"ಸುಮ್ನ ಕೇಳಿದೆ."

ಒಳಗೆ ಬಂದು ಕೂತಳು. ಮತ್ತೆ... ಟಿಕ್ ಟಿಕ್.

ರಾತ್ರಿ ಖಾಲಿ ಮನೆ ಕರೆದರೆ ಓಗೊಡಬಾರದು, ಓಗೊಟ್ಟವರನ್ನು ಕರೆದುಕೊಂಡೇ ಹೋಗುತ್ತದೆ ಅನ್ನುತ್ತಾರೆ. ದಾನವ್ವನಿಗೂ ಅದು ಗೊತ್ತು. ಅಂಗೈಯಲ್ಲಿ ಹಿಟ್ಟು ತಣ್ಣಗಾಯಿತು. ಮೂರನೆಯ ಸಲ... ಟಿಕ್ ಟಿಕ್. ಆಮೇಲೆ ಸದ್ದಿಲ್ಲ. ಆಮೇಲೆ, ಬಾಗಿಲ ಹೊರಗೆ, ಯಾರೋ ನಿಂತು ಕೆಮ್ಮು ತಡೆದುಕೊಂಡ ಹಾಗೆ.

ದಾನವ್ವ ಬಾಗಿಲ ಕಡೆ ನೋಡಲಿಲ್ಲ. ಗೋಡೆಯ ಹತ್ತಿರ ಸರಿದಳು. ಹಿಟ್ಟು ಮೆತ್ತಿದ ಗೆಣ್ಣಿನಿಂದಲೇ ಬಡಿದಳು. ಠಕ್. ಠಕ್.

"ಮಲಗು, ಬೀಬಿ. ನಾ ಅದೀನಿ."

ಅಷ್ಟೇ. ಬೆಳಗಿನ ತನಕ ಹುಳ ಕೊರೆದ ಸದ್ದೂ ಇಲ್ಲ.

ಹೊಸ್ತಿಲು ಬಿಡುವುದಿಲ್ಲ ಅಂದವಳು ಬೆಳಿಗ್ಗೆ ಬೀಗ ಹಾಕಿಕೊಂಡು ಲೋಕಲ್ ಹತ್ತಿದಳು. ದಹಿಸರಿನ ಕ್ಯಾಂಪಿನಲ್ಲಿ ಸಾಲು ತಗಡಿನ ಖೋಲಿಗಳು. ಕೊನೆಯ ಖೋಲಿ ಬೀಬೀಜಾನಳದು. ಅದರ ಹಿಂದೆ ಬರೀ ಕೆಸರು. ಬಾಗಿಲಲ್ಲಿ ದೌಲತಬಿ ಅನ್ನುವ ನೆರೆಯವಳು ಕೂತಿದ್ದಳು.

"ಬೀಬೀಜಾನ ಖಾಲಾ ನಿನ್ನೆ ಸಂಜೀಕ ತೀರಿಕೊಂಡ್ರು. ಈಗಷ್ಟ ಮಣ್ಣಿಗೆ ಒಯ್ದ್ರು," ಅಂದಳು. ಮುಖ ನೋಡಿದಳು. "ನೀವು ದಾನಕ್ಕ ಏನು?"

ದಾನವ್ವ ತಲೆಯಾಡಿಸಿದಳು.

"ದಿನಾ ರಾತ್ರಿ ಆ ತಗಡ ಬಡೀತಿದ್ರು. ಆ ಕಡೆ ಯಾರೂ ಇಲ್ಲ ಖಾಲಾ, ಕೆಸರೈತಿ ಅಂದ್ರ, ದಾನಕ್ಕ ಅದಾಳ, ಇನ್ನೂ ಸಿಟ್ಟು ಇಳದಿಲ್ಲ ಅಕೀದು, ಅಂತಿದ್ರು." ದನಿ ತಗ್ಗಿಸಿದಳು. "ನಿನ್ನೆ ರಾತ್ರಿ ಹನ್ನೊಂದಕ್ಕ ನಾವು ನಾಕು ಹೆಂಗಸರು ಹೆಣದ ಹತ್ರ ಕುಂತಿದ್ವಿ. ಹೊರಗಿಂದ ಯಾರೋ ಬಡದ್ರು. ಎರಡ ಸಲ. ಎದ್ದು ನೋಡಾಕ ಧೈರ್ಯ ಸಾಲಲಿಲ್ಲ."

ದಾನವ್ವ ಸೀರೆ ಎತ್ತಿ ಕಟ್ಟಿ ಖೋಲಿಯ ಹಿಂದಕ್ಕೆ ಹೋದಳು. ಮೊಣಕಾಲು ಹೂಳುವ ಕೆಸರು. ಅದರಲ್ಲಿ ಅವಳ ಹೆಜ್ಜೆ ಬಿಟ್ಟರೆ ಇನ್ನೊಂದು ಹೆಜ್ಜೆಯಿಲ್ಲ. ತಗಡಿನ ಮೇಲೆ, ನೆಲದಿಂದ ಮೊಳದೆತ್ತರದಲ್ಲಿ, ಎರಡು ಬಿಳಿ ಗುರುತು.

"ಸುಣ್ಣ ಇರಬೇಕು," ಅಂದಳು ದೌಲತಬಿ ದೂರದಿಂದಲೇ.

ದಾನವ್ವ ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿಕೊಂಡಳು.

ನಂಬದವರು ಬಿಡಿ. ದಾನವ್ವ ಸುಳ್ಳು ಹೇಳಿ ಬದುಕಿದವಳಲ್ಲ, ಹೇಳುವ ದರ್ದೂ ಅವಳಿಗಿರಲಿಲ್ಲ. ಅದು ಜೋಳದ ಹಿಟ್ಟು. ಇನ್ನೂ ಹಸಿಯಾಗಿತ್ತು.