ನಿಲ್ದಾಣಕ್ಕೆ ಕತ್ಬರ್ಟ್ ಹೆಸರು ಬೇಡ

ಸಭೆಯ ಅಧ್ಯಕ್ಷರೂ ನಮ್ಮ ಪಾರಿವಾಳ ಸಂಘದ ಹಿರಿಯರೂ ಆದ ವಿಲ್ಫ್ರೆಡ್ ಅವರೇ, ಟ್ರಾಮ್ ಯೋಜನೆಯ ಮುಖ್ಯಸ್ಥರಾದ ಗ್ರೇಂಜರ್ ಸಾಹೇಬರೇ, ಭಾಷಣ ಮುಗಿಯುವ ಮೊದಲೇ ಹ್ಯಾಮ್ ಸ್ಯಾಂಡ್‌ವಿಚ್ ಮೇಲೆ ಕಣ್ಣಿಟ್ಟಿರುವ ವಿದರ್‌ಬರ್ನಿನ ಸಭಿಕರೇ,

ಹಳೆಯ ಕಲ್ಲಿದ್ದಲು ರೈಲಿನ ದಾರಿಯಲ್ಲಿ ಟ್ರಾಮ್ ಓಡಲಿದೆ, ನಮ್ಮೂರಿಗೂ ನಿಲ್ದಾಣ ಬರಲಿದೆ, ಅದಕ್ಕೆ ನನ್ನ ಗಂಡ ದಿವಂಗತ ಕತ್ಬರ್ಟ್ ಹೆಸರಿಡಲಾಗುವುದು ಎಂದು ಸಾಹೇಬರು ಈಗಷ್ಟೇ ಘೋಷಿಸಿದರು. ನೀವು ಚಪ್ಪಾಳೆ ತಟ್ಟಿದಿರಿ. ಒಪ್ಪಿಕೊಂಡು ಎರಡು ಮಾತಾಡಿ ಎಂದು ನನ್ನನ್ನು ಕರೆದರು. ಎರಡು ಮಾತಾಡುತ್ತೇನೆ. ಒಪ್ಪಿಕೊಳ್ಳುವುದಿಲ್ಲ.

ನಾನು ಟ್ರಾಮಿನ ವಿರೋಧಿಯೇ? ಆಸ್ಪತ್ರೆಗೆ ಬಸ್ಸಿನ ಮೇಲೆ ಬಸ್ಸು ಬದಲಿಸಿ ಸವೆದ ಮಂಡಿ ನನ್ನದು. ಬರಲಿ, ಇವತ್ತೇ ಬರಲಿ! ಆದರೆ ಪ್ಲಾಟ್‌ಫಾರ್ಮಿನ ತುದಿಯಲ್ಲಿದೆ ಎಂದು ಸೋಮವಾರ ಕೆಡವಲು ಹೊರಟಿದ್ದೀರಲ್ಲ, ಕತ್ಬರ್ಟ್ ಸಾಕಿದ ಪಾರಿವಾಳಗಳ ಗೂಡು, ಅದು ಅಲ್ಲೇ ಇರಬೇಕು. ಹಿಂದಿನ ರೈಲಿಗೆ ಅದು ಅಡ್ಡಬಂದಿತ್ತೇ? ಪಂದ್ಯದ ಹಕ್ಕಿಗಳ ಬುಟ್ಟಿಯನ್ನು ಆ ರೈಲೇ ಹೊತ್ತೊಯ್ಯುತ್ತಿತ್ತು, ದೂರದ ನಿಲ್ದಾಣದ ಹಮಾಲರೇ ಹಾರಿಬಿಡುತ್ತಿದ್ದರು, ಮೊದಲು ಗೂಡು ಸೇರಿದ ಹಕ್ಕಿಗೆ ಗೆಲುವು.

ಗುಡ್ಡದಾಚೆ ಹೊಸ ಗೂಡು ಕಟ್ಟಿಸಿದ್ದೀರಿ, ಇಲ್ಲವೆನ್ನಲಾರೆ. ನಾನೇ ಬಾಡಿಗೆಗೆ ಹೋಗಬಹುದು, ಅಷ್ಟು ಚೆನ್ನಾಗಿದೆ. ಹಕ್ಕಿಗಳನ್ನು ಸಾಗಿಸಿದಿರಿ, ಕಾಳು ಹಾಕಿದಿರಿ, ಬಾಗಿಲು ತೆರೆದಿರಿ. ನಾನು ಮನೆ ಸೇರುವಷ್ಟರಲ್ಲಿ ಎಲ್ಲವೂ ಹಳೆಯ ಗೂಡಿನ ಮೇಲೆ ಸಾಲಾಗಿ ಕೂತಿದ್ದವು! ನಿಮ್ಮ ಎಂಜಿನಿಯರು ತಲೆ ಕೆರೆದುಕೊಂಡರು: "ಅಲ್ಲಾ ಮೇಡಂ, ಅಷ್ಟು ಒಳ್ಳೇ ಜಾಗ ಬಿಟ್ಟು ಈ ಕೊಂಪೆಗೆ ಯಾಕೆ ಬಂದ್ವು?" ರೆಕ್ಕೆ ಬಲಿತ ಗೂಡಿಗೇ ಅವು ಮರಳುವುದು ಸ್ವಾಮಿ. ನಮ್ಮ ಸಂಘದಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು.

ಇರುವ ಹಕ್ಕಿಗಳಿಗೆ ಹೇಗೋ ಹೊಸದನ್ನು ರೂಢಿ ಮಾಡಿಸಬಹುದು ಎಂದೇ ಇಟ್ಟುಕೊಳ್ಳೋಣ. ಇನ್ನೂ ಬಾರದ ಹಕ್ಕಿಗೆ?

ಇದನ್ನು ಹೇಳಬಾರದೆಂದುಕೊಂಡೇ ಬಂದಿದ್ದೆ. ಬಾಯಿಗೆ ಬಂತು, ಇರಲಿ. ಕತ್ಬರ್ಟ್ ಕೊನೆಯ ಪಂದ್ಯಕ್ಕೆ ಫ್ರಾನ್ಸಿಗೆ ಕಳಿಸಿದ್ದು ತಮ್ಮ ಮುದ್ದಿನ ನೀಲಿ ಹೆಣ್ಣು ಹಕ್ಕಿಯನ್ನು. ಆ ವಾರವೇ ಹಾಸಿಗೆ ಹಿಡಿದರು. ಸಂಜೆಯಾದರೆ ಒಂದೇ ಪ್ರಶ್ನೆ. ಕೊನೆಯ ಸಂಜೆಯೂ ಅದೇ.

"ಲೇ ಎನಿಡ್, ಬಂದ್ಲಾ?"

"ಇಲ್ಲ ಮಾರಾಯ. ಗಿಡುಗ ತಿಂದಿರತ್ತೆ, ಮಲಕ್ಕೋ."

"ಬಿಡ್ತು ಅನ್ನೇ! ಬಂದೇ ಬರ್ತಾಳೆ. ನಾನು ಹೋದೆ ಅಂತ ಗೂಡು ಮುಚ್ಚಿಬಿಟ್ಟೀಯ, ಹುಷಾರ್!"

ಮುಚ್ಚುವುದಿಲ್ಲ ಎಂದೆ. ಬೆಳಗಾಗುವಷ್ಟರಲ್ಲಿ ಅವರಿರಲಿಲ್ಲ.

ಅಧ್ಯಕ್ಷರು ನನ್ನನ್ನು ಕಂಡಾಗಲೆಲ್ಲ, "ಎನಿಡ್, ಅವಳು ಅಲ್ಲೇ ಯಾರೋ ಫ್ರೆಂಚ್ ಗಂಡನ್ನ ಕಟ್ಕೊಂಡಳು ಬಿಡು" ಎನ್ನುತ್ತಾರೆ. ಇರಬಹುದು. ಆದರೆ ವಿಲ್ಫ್ರೆಡ್, ಕಳೆದುಹೋಗಿದ್ದ ನಿಮ್ಮದೇ ಚುಕ್ಕಿ ಹಕ್ಕಿ ವರ್ಷಗಳಾದ ಮೇಲೆ ಬಂದು ಗೂಡಿನ ಕಿಟಕಿಯಲ್ಲಿ ಕೂತಾಗ ಅತ್ತವರು ಯಾರು? ಈಗ ಶೂ ನೋಡಿಕೊಳ್ಳಬೇಡಿ. ಅವರಿಲ್ಲದ ಮನೆಯನ್ನು ನನ್ನಿಂದ ಸಹಿಸಲಾಗುತ್ತಿಲ್ಲ. ಅವರಿಗೆ ಕೊಟ್ಟ ಮಾತೊಂದಾದರೂ ಉಳಿಯಲಿ.

ಸಾಹೇಬರೇ, ನಿಮ್ಮ ನಕ್ಷೆಯಲ್ಲಿ ಗೂಡಿನ ಜಾಗಕ್ಕೆ ಹೂಕುಂಡ ಬರೆದಿದ್ದೀರಿ. ಹೂಕುಂಡವನ್ನು ಆಚೆ ಸರಿಸಿ, ಅದು ಹಾರಿ ವಾಪಸ್ ಬರುವುದಿಲ್ಲ. ನಿಲ್ದಾಣಕ್ಕೆ ಬೇಕಾದರೆ ನಿಮ್ಮ ಅತ್ತೆಯ ಹೆಸರಿಡಿ. ಸೋಮವಾರ ಯಂತ್ರ ಬರುವಾಗ ನಾನು ಗೂಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ಸಭಿಕರೇ, ನನ್ನ ಜೊತೆ ಕೂರುವವರು ಯಾರು? ಕೈ ಎತ್ತಿ ನೋಡೋಣ.

...ಅಧ್ಯಕ್ಷರೇ, ನೀವೂನಾ?

ಅಯ್ಯೋ, ಇಷ್ಟೊಂದು ಕುರ್ಚಿ ನನ್ನ ಹತ್ತಿರ ಎಲ್ಲಿದೆ? ನಿಮ್ಮ ನಿಮ್ಮದು ನೀವೇ ತನ್ನಿ. ನಿಮ್ಮೆಲ್ಲರ ಋಣ ದೊಡ್ಡದು. ಎಲ್ಲರಿಗೂ ನಮಸ್ಕಾರ.